ಗಾಳಿ ಬೀಸದ ಬಿಸಿ

ಹಯವದನನ ಪಾದಗಳಿಗೆ ಬಿಸಿ ಗೊತ್ತಾಗುವುದಿಲ್ಲ. ತಣ್ಣಗಿರುವುದೂ ಗೊತ್ತಾಗುವುದಿಲ್ಲ. ಇಪ್ಪತ್ತೆರಡು ವರ್ಷದ ಸಕ್ಕರೆ ಕಾಯಿಲೆ ಎರಡು ಪಾದಗಳನ್ನೂ ಮರಗಟ್ಟಿಸಿಬಿಟ್ಟಿದೆ. ಎಡಗಾಲಲ್ಲಿ ಈಗ ಇರುವುದು ಮೂರೇ ಬೆರಳು. ಇಂಥವನು ಹೋದ ಬೇಸಿಗೆಯಲ್ಲಿ ತನ್ನ ಹಳೇ ಪುಟ್ಟ ಮನೆಗೆ ಯಾವ ಬಗೆಯ ಹೀಟಿಂಗ್ ಹಾಕಿಸಬೇಕು ಅಂತ ನಾಲ್ಕು ತಿಂಗಳು ತಲೆ ಕೆಡಿಸಿಕೊಂಡ. ಬೇರೆಯವರ ತಲೆಯನ್ನೂ ಕೆಡಿಸಿದ.

ವೆಸ್ಟ್‌ಮಂಟ್‌ನಲ್ಲಿ ನನ್ನ ಮಗಳ ಮನೆಯಿಂದ ಅವನ ಮನೆಗೆ ಎರಡು ಬೀದಿ. ಇಬ್ಬರಿಗೂ ಅರವತ್ತೈದರ ಆಸುಪಾಸು, ಏಕವಚನದ ಸ್ನೇಹ. ಅವನು ಮೈಸೂರಿನವನು. ಇಲ್ಲಿನ ನಮ್ಮ ಜನರಲ್ಲಿ ಡಾಕ್ಟರು, ಎಂಜಿನಿಯರು, ಕಂಪ್ಯೂಟರಿನವರು ಅಂತ ಮೂರೇ ಜಾತಿ. ಹಯವದನ ಮೂರಕ್ಕೂ ಸೇರಿದವನಲ್ಲ. ಎಲ್ಕ್ ಗ್ರೋವ್ ವಿಲೇಜಿನ ಒಂದು ಸ್ಕ್ರೂ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಇನ್‌ಸ್ಪೆಕ್ಟರ್ ಆಗಿದ್ದ. ಬೆಳಿಗ್ಗೆ ರೂಟ್ 83 ಹಿಡಿದು ಹೋಗುವುದು, ಸ್ಕ್ರೂಗಳನ್ನು ಗೇಜಿಗೆ ಹಾಕಿ ನೋಡುವುದು, ಸಂಜೆ ವಾಪಸ್. ಆ ಗೇಜಿಗೆ ಎರಡು ತುದಿ. ಒಂದರೊಳಗೆ ಸ್ಕ್ರೂ ಹೋಗಬೇಕು, ಇನ್ನೊಂದರೊಳಗೆ ಹೋಗಬಾರದು. ಅಷ್ಟೇ, ವಾದಕ್ಕೆ ಜಾಗವಿಲ್ಲ. ಮನುಷ್ಯನೂ ಹಾಗೇ ಆಗಿಹೋಗಿದ್ದ. ಹೌದು, ಇಲ್ಲ ಎರಡರಲ್ಲೇ ಅವನ ಮಾತು ಮುಗಿಯುತ್ತಿತ್ತು.

ಮನೆ 1953ರಲ್ಲಿ ಕಟ್ಟಿದ್ದು. ಇಟ್ಟಿಗೆಯದು, ಒಂದೇ ಅಂತಸ್ತು, ಎರಡು ಮಲಗುವ ಕೋಣೆ, ಕೆಳಗೆ ಬೇಸ್‌ಮೆಂಟ್. ಅಲ್ಲಿದ್ದ ಗ್ಯಾಸ್ ಫರ್ನೇಸು ಗಾಳಿಯನ್ನು ಕಾಯಿಸಿ, ತಗಡಿನ ಕೊಳವೆಗಳಲ್ಲಿ ತಳ್ಳಿ, ಕೋಣೆ ಕೋಣೆಯ ನೆಲದಲ್ಲಿರುವ ಜಾಲರಿಗಳಿಂದ ಮೇಲಕ್ಕೆ ಊದುತ್ತಿತ್ತು. ಇಲ್ಲಿನ ಮುಕ್ಕಾಲು ಮನೆಗಳಲ್ಲಿ ಅದೇ. ಅವನ ಹೆಂಡತಿ ನಿರುಪಮಾಗೆ ಆ ಜಾಲರಿಗಳೆಂದರೆ ಪ್ರಾಣ. ಚಳಿಗಾಲದಲ್ಲಿ ಇಡ್ಲಿ ಹಿಟ್ಟಿನ ಪಾತ್ರೆ ಅದರ ಪಕ್ಕಕ್ಕೆ, ಒದ್ದೆ ಟವೆಲ್ಲು ಅದರ ಮೇಲಕ್ಕೆ. "ಮೈಸೂರಲ್ಲೂ ಹಿಟ್ಟು ಹಿಂಗೆ ಉಬ್ಬಿರಲಿಲ್ಲ ಅಣ್ಣ" ಅಂತ ನನಗೆ ಪಾತ್ರೆಯ ಮುಚ್ಚಳ ತೆಗೆದು ತೋರಿಸುತ್ತಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಊರವರು ಬೇರೆ ಥರ ಹೇಳಿದರು.

ಜನವರಿಯಲ್ಲಿ ಅವಳು ಸತ್ತಳು. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಮಧ್ಯಾಹ್ನ ಟ್ರೇ ಎತ್ತುವಾಗ ತಲೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಮಗಳು ತನ್ಮಯಿ ಮಿಶಿಗನ್‌ನಿಂದ ಬಂದಳು. ಅವಳಿಗೆ ವಿಕ್ಸಮ್‌ನ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ಅಲ್ಲೇ ಮನೆ, ಇಲ್ಲಿಗೆ ಮುನ್ನೂರು ಮೈಲಿಯ ಹತ್ತಿರ. ದಹನ ಮುಗಿಯಿತು. ಹಯವದನ ಅಳಲಿಲ್ಲ. ಯಾರಾದರೂ ಮಾತಾಡಿಸಿದರೆ "ಹೂಂ" ಅನ್ನುತ್ತಿದ್ದ. ಕಾಫಿ ಕೊಟ್ಟರೆ ಕುಡಿಯುತ್ತಿದ್ದ, ಕೊಡದಿದ್ದರೆ ಇಲ್ಲ.

ಮೈಸೂರಿನಿಂದ ವಿಡಿಯೋದಲ್ಲಿ ನಾದಿನಿ ಛಾಯಾ ಅಳುತ್ತಾ ಒಂದು ಮಾತು ಹೇಳಿದಳು: "ಭಾವ, ಅಕ್ಕ ಮಲಗ್ತಿದ್ದ ಕಡೆ ಒಂದು ದೀಪ ಇಡಿ. ಹದಿಮೂರನೇ ದಿನದ ತನಕ ಆರಬಾರದು. ಉಳಿದದ್ದೇನು ಮಾಡ್ತೀರೋ ಬಿಡ್ತೀರೋ, ದೀಪ ಮಾತ್ರ ಆರಬಾರದು."

ಹಯವದನನಿಗೆ ದೇವರು ದಿಂಡರು ಅಷ್ಟಕ್ಕಷ್ಟೇ. ಜನಿವಾರ ಯಾವ ಡ್ರಾಯರಿನಲ್ಲಿದೆ ಅಂತ ಹುಡುಕಬೇಕಾಯಿತು. ಆದರೆ ದೀಪದ ಮಾತು ಅವನಿಗೆ ಗೇಜಿನ ಥರ ಕೇಳಿಸಿತು. ಆರಬಾರದು ಅಂದರೆ ಆರಬಾರದು. ಅದು ಭಕ್ತಿಯೇನಲ್ಲ. ಆ ಹೊತ್ತಿಗೆ ಅವನಿಗೆ ಮಾಡಲು ಬೇರೆ ಕೆಲಸ ಇರಲಿಲ್ಲ.

ಮಲಗುವ ಕೋಣೆಯ ಮೂಲೆಯಲ್ಲಿ, ನೆಲದ ಮೇಲೆ ದೀಪ ಇಟ್ಟರು. ಎರಡಡಿ ದೂರದಲ್ಲಿ ಜಾಲರಿ. ಹತ್ತು ನಿಮಿಷಕ್ಕೊಮ್ಮೆ ಫರ್ನೇಸು ಊದುತ್ತಿತ್ತು, ದೀಪ ಮಲಗುತ್ತಿತ್ತು. ತನ್ಮಯಿ ಇದ್ದಷ್ಟು ದಿನ ಜಾಲರಿಯ ಮೇಲೆ ದಪ್ಪ ಪುಸ್ತಕ ಪೇರಿಸಿ, ಅಪ್ಪ ಮಗಳು ಸರದಿಯ ಮೇಲೆ ಕಾವಲು ಕೂತರು. ಐದನೇ ದಿನ ಅವಳ ಮಗುವಿಗೆ ಜ್ವರ ಅಂತ ಫೋನ್ ಬಂತು. ಹತ್ತನೇ ದಿನಕ್ಕೆ ಬರುತ್ತೇನೆ ಅಂತ ಹೊರಟಳು. ಅವಳು ಹೋದ ಮೇಲೆ ಮಧ್ಯಾಹ್ನದೊಳಗೆ ದೀಪ ಮೂರು ಸಲ ಆರುವುದರಲ್ಲಿತ್ತು. ಜಾಲರಿಗೆ ಪುಸ್ತಕ ಮುಚ್ಚಿದರೆ ಬಾಗಿಲ ಸಂದಿಯಿಂದ ಗಾಳಿ, ಬಾಗಿಲು ಹಾಕಿದರೆ ಇನ್ನೆಲ್ಲಿಂದಲೋ ಗಾಳಿ. ಹಯವದನ ಎದ್ದು ಹೋಗಿ ಗೋಡೆಯ ಥರ್ಮೋಸ್ಟಾಟನ್ನು ತಿರುಗಿಸಿ ಫರ್ನೇಸನ್ನೇ ಆಫ್ ಮಾಡಿಬಿಟ್ಟ. ಹೊರಗೆ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ. ಫ್ಯಾರನ್‌ಹೀಟ್ ಲೆಕ್ಕ; ಊರಿನ ಲೆಕ್ಕದಲ್ಲಿ ಮೈನಸ್ ಇಪ್ಪತ್ತು.

ಬೇಸ್‌ಮೆಂಟಿನಿಂದ ಎಣ್ಣೆ ತುಂಬಿದ ಒಂದು ಕರೆಂಟಿನ ಹೀಟರ್ ತಂದು ಪಕ್ಕದಲ್ಲಿಟ್ಟುಕೊಂಡ. ಅದಕ್ಕೆ ಫ್ಯಾನಿಲ್ಲ, ಊದುವುದಿಲ್ಲ. ದೀಪ ನೆಟ್ಟಗೆ ನಿಂತಿತು. ಅವನು ಕುರ್ಚಿ ಹಾಕಿಕೊಂಡು, ಕಾಲು ನೀಡಿಕೊಂಡು, ನೋಡುತ್ತಾ ಕೂತ.

ಆರನೇ ದಿನ, ಏಳನೇ ದಿನ ಜನ ಬಂದರು. ಕನ್ನಡಕೂಟದವರು, ಅನ್ನ ಸಾರು ಪಲ್ಯ ಹಿಡಿದು. ಒಳಗೆ ಬಂದವರು ಬೂಟು ಬಿಚ್ಚಿದರು, ಕೋಟು ಬಿಚ್ಚಲು ಹೋಗಿ ಮತ್ತೆ ಹಾಕಿಕೊಂಡರು. ಹಾಲಿನಲ್ಲಿ ಮಾತಾಡಿದರೆ ಬಾಯಿಂದ ಹೊಗೆ. ಎಲ್ಲರೂ ಕೈ ಮುಗಿದು, ಹಲ್ಲು ಕಟಕಟಿಸುತ್ತಾ ಅರ್ಧ ಗಂಟೆ ಕೂತು ಎದ್ದುಹೋದರು. ಒಬ್ಬರೂ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಅಂತ ಆಮೇಲೆ ನಾನು ಒಬ್ಬೊಬ್ಬರನ್ನೇ ಹಿಡಿದು ವಿಚಾರಿಸಿದೆ.

ಮಕ್ಕಳ ಡಾಕ್ಟರು ಪದ್ಮಜಾ ಹೇಳಿದರು: "ಮಾಧ್ವರಲ್ಲಿ ಸೂತಕಕ್ಕೆ ಬೆಂಕಿ ಹಚ್ಚಬಾರದೇನೋ ಅಂದ್ಕೊಂಡೆ. ನಮ್ಮಲ್ಲಿ ಒಲೆ ಹಚ್ಚಲ್ಲ ಅಂತಾರಲ್ಲ, ಇವರಲ್ಲಿ ಫರ್ನೇಸೂ ಇಲ್ಲವೇನೋ ಅಂತ."

ಹುಬ್ಬಳ್ಳಿಯ ಶ್ಯಾಮ್ ಹೇಳಿದ: "ನಮ್ ಕಡೆ ಹಂಗ ಏನಿಲ್ರೀ. ಮೈಸೂರಿನವರೊಳಗ ಇರಬೇಕು, ಕೇಳಿದ್ರ ತಪ್ಪ್ ತಿಳ್ಕೋತಾರ ಅಂತ ಸುಮ್ ಕುಂತೆ. ಎರಡ್ ಸ್ವೆಟರ್ ಹಾಕ್ಕೊಂಡ್ ಬರಬೇಕಿತ್ರೀ."

ಮೈಸೂರಿನವರು ಇನ್ನೊಂದು ಒಳಪಂಗಡದ ಮೇಲೆ ಹಾಕಿದರು. ಎಲ್ಲರೂ ಓದಿದವರು. ಎಲ್ಲರೂ ಇನ್ನೊಬ್ಬರ ಪದ್ಧತಿಗೆ ಮರ್ಯಾದೆ ಕೊಟ್ಟರು.

ನಾನೂ ಹೋಗಿದ್ದೆ. ಮೂಢನಂಬಿಕೆ ವಿರುದ್ಧ ಮೂವತ್ತು ವರ್ಷ ಬೀದಿಯಲ್ಲಿ ಗಂಟಲು ಹರಿದುಕೊಂಡವನು, ಕೋಟಿನ ಜಿಪ್ಪು ಕತ್ತಿನವರೆಗೆ ಎಳೆದುಕೊಂಡು ಕೂತೆ. ಇವರ ಮನೆಯ ಸಾವಿನಲ್ಲಿ ಇಂಥದ್ದೊಂದು ಇರಬೇಕು, ಸೂತಕದ ಮನೆಯಲ್ಲಿ ಜಗಳ ಬೇಡ ಅಂತ ಬಾಯಿ ಮುಚ್ಚಿಕೊಂಡೆ. ಬಾಯಿ ಬಿಟ್ಟಿದ್ದರೆ ಎರಡು ಬೆರಳು ಉಳಿಯುತ್ತಿದ್ದವು.

ಎಂಟನೇ ದಿನ ಮಧ್ಯಾಹ್ನ ಹಯವದನನ ಫೋನ್ ಬಂತು. ಸಕ್ಕರೆ ಇದೆಯಾ ಅಂತ ಕೇಳುವ ದನಿಯಲ್ಲಿ ಕೇಳಿದ: "ಅಡುಗೆಮನೆ ಗೋಡೆಯಿಂದ ನೀರು ಬರ್ತಿದೆ ಕಣಯ್ಯ. ಯಾರಾದ್ರೂ ಗೊತ್ತಾ?"

ಉತ್ತರದ ಗೋಡೆಯೊಳಗಿನ ನಲ್ಲಿ ಪೈಪು ಹೆಪ್ಪುಗಟ್ಟಿ ಒಡೆದಿತ್ತು. ನನಗೆ ಗೊತ್ತಿದ್ದವನು ಕುನಾಲ್ ಒಬ್ಬನೇ. ಇಲ್ಲೇ ಹುಟ್ಟಿದವನು, ಮೂವತ್ತೈದು ವರ್ಷ, ಬೆಂಗಳೂರಿನ ಎಂಜಿನಿಯರ್ ದಂಪತಿಯ ಮಗ. ತಾನೂ ಎಂಜಿನಿಯರಿಂಗ್ ಓದಿ, ಆಫೀಸು ಬೇಡ ಅಂತ ಬಿಟ್ಟು, ಹೀಟಿಂಗ್ ಮತ್ತು ಪೈಪಿನ ಕೆಲಸ ಕಲಿತು ಸ್ವಂತ ವ್ಯಾನ್ ಇಟ್ಟುಕೊಂಡಿದ್ದಾನೆ. ಅವನ ಅಮ್ಮ ಕನ್ನಡಕೂಟದಲ್ಲಿ "ಮಗ ಎನರ್ಜಿ ಫೀಲ್ಡ್‌ನಲ್ಲಿದ್ದಾನೆ" ಅನ್ನುತ್ತಾರೆ.

ನಾವಿಬ್ಬರೂ ಹೋದಾಗ ಹಾಲಿನಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ಹಯವದನ ಬರಿಗಾಲಲ್ಲಿ ಅದರಲ್ಲಿ ನಿಂತಿದ್ದ. ಕುನಾಲ್ ಓಡಿ ಹೋಗಿ ಮೇನ್ ವಾಲ್ವ್ ಮುಚ್ಚಿ ಬಂದವನು ಕೆಳಗೆ ನೋಡಿದ.

"ಅಂಕಲ್, ನಿಮ್ಮ ಕಾಲು."

"ಕಾಲಿಗೇನು?"

ಎಡಗಾಲಿನ ಹೊರಬದಿಯ ಎರಡು ಬೆರಳು ಕಪ್ಪಗೆ ಕರಕಾಗಿದ್ದವು. ಚರ್ಮ ಬಿಟ್ಟುಕೊಂಡಿತ್ತು. ಮೂರು ದಿನ ಆ ಹೀಟರಿಗೆ ಒತ್ತಿ ಕಾಲಿಟ್ಟುಕೊಂಡು ಕೂತಿದ್ದಾನೆ. ಗೊತ್ತಾಗಿಲ್ಲ. ವಾಸನೆ ಬಂದಾಗ ಎಣ್ಣೆ ಬತ್ತಿಯದು ಅಂದುಕೊಂಡನಂತೆ.

ಆಂಬುಲೆನ್ಸಿನಲ್ಲಿ ನಾನು ಅವನ ಜೊತೆ ಹೋದೆ. ಕುನಾಲ್ ನೀರು ತೆಗೆಯಲು ಉಳಿದ. ಆಸ್ಪತ್ರೆ ಸೇರಿದ ಮೂರನೇ ದಿನ ಬೆರಳು ತೆಗೆದರು. ಹದಿಮೂರನೇ ದಿನ ಹಯವದನ ಆಸ್ಪತ್ರೆಯಲ್ಲಿದ್ದ. ಆ ದಿನ ದೀಪದ ಸುದ್ದಿ ಅವನೂ ಎತ್ತಲಿಲ್ಲ, ಯಾರೂ ಎತ್ತಲಿಲ್ಲ.

ತನ್ಮಯಿ ಅವನನ್ನು ವಿಕ್ಸಮ್‌ಗೆ ಕರೆದುಕೊಂಡು ಹೋದಳು. ಮೇ ತಿಂಗಳಲ್ಲಿ, ಗಾಯ ಮಾಗಿದ ಮೇಲೆ, ವಾಪಸ್ ಬಂದ. ಮನೆಯಲ್ಲಿ ಮಲಗುವ ಕೋಣೆ ಒಂದು ನೆಟ್ಟಗಿತ್ತು. ಅಡುಗೆಮನೆ, ಹಾಲಿನ ನೆಲ ಕಿತ್ತು ಹಾಕಿದ್ದರು, ಗೋಡೆಗಳ ಕೆಳಭಾಗ ಕೊಯ್ದಿದ್ದರು. ನೀರು ಬೇಸ್‌ಮೆಂಟಿಗೆ ಇಳಿದು ಫರ್ನೇಸೂ ಹಾಳಾಗಿತ್ತು. ಮನೆ ಹೇಗೂ ರಿಪೇರಿಯಾಗಬೇಕು, ಹೀಟಿಂಗ್ ಹೊಸದೇ ಬರಬೇಕು.

ಮಗಳ ಷರತ್ತು ಸರಳವಾಗಿತ್ತು. ಅಕ್ಟೋಬರಿನೊಳಗೆ ಅವಳಿಗೆ ಒಪ್ಪಿಗೆಯಾಗುವ ಹೀಟಿಂಗ್ ಕೂತರೆ ಅಪ್ಪ ಈ ಮನೆಯಲ್ಲಿರಬಹುದು. ಇಲ್ಲದಿದ್ದರೆ ಮನೆ ಮಾರಿ ವಿಕ್ಸಮ್. ಅವಳಿಗೆ ಒಪ್ಪಿಗೆಯಾಗುವುದು ಅಂದರೆ ಹೊಸ ಫರ್ನೇಸು, ಅದೇ ಹಳೇ ತಗಡಿನ ಕೊಳವೆ, ಅವಳ ಫೋನಿನಿಂದಲೇ ನಡೆಸಬಹುದಾದ ಥರ್ಮೋಸ್ಟಾಟ್.

"ಇಲ್ಲ" ಅಂದ ಹಯವದನ.

"ಮತ್ತೇನು ಬೇಕು ಅಪ್ಪ?"

"ಊದಬಾರದು."

ಅಷ್ಟೇ. ಯಾಕೆ ಅಂತ ಹೇಳಲಿಲ್ಲ.

ಕುನಾಲ್ ಜೂನಿನಲ್ಲಿ ಮನೆ ಅಳೆಯಲು ಬಂದ. ಬೇರೆ ಇಬ್ಬರು ಕಂಟ್ರಾಕ್ಟರುಗಳು ಬಾಗಿಲಲ್ಲೇ ನಿಂತು ಇಷ್ಟು ಚದರಡಿಗೆ ಇಷ್ಟು ದೊಡ್ಡ ಫರ್ನೇಸು ಅಂತ ಹೇಳಿಹೋಗಿದ್ದರು. ಇವನು ಒಂದೊಂದು ಕಿಟಕಿಯನ್ನೂ ಅಳೆದ, ಕೊಯ್ದ ಗೋಡೆಯೊಳಗೆ ಕೈ ಹಾಕಿ ನೋಡಿದ, ಯಾವ ಕೋಣೆ ಎಷ್ಟು ಬಿಸಿ ಕಳೆದುಕೊಳ್ಳುತ್ತದೆ ಅಂತ ಬರೆದುಕೊಂಡ. ಹಯವದನ ಹಿಂದೆ ಹಿಂದೆ ಕುಂಟುತ್ತಾ ಹೋಗಿ ಅವನ ಟೇಪಿನ ತುದಿ ಹಿಡಿದ. ಆ ಆರು ತಿಂಗಳಲ್ಲಿ ಅವನ ಮುಖದಲ್ಲಿ ಜೀವ ಕಂಡದ್ದು ಆಗಲೇ. "ಕಾಲು ಇಂಚು ಜಾಸ್ತಿ ಹಿಡಿದಿದೀಯ" ಅಂತ ಒಮ್ಮೆ ಗದರಿದ.

ಮಲಗುವ ಕೋಣೆಗೆ ಬಂದಾಗ ಕುನಾಲ್ ಅಳೆಯುವುದು ನಿಲ್ಲಿಸಿ ಮೂಲೆ ನೋಡಿದ.

"ಅಂಕಲ್, ಒಂದು ಹೇಳಬೇಕು. ಆ ದಿನ ನೀವು ಹಾಸ್ಪಿಟಲ್‌ಗೆ ಹೋದ್ಮೇಲೆ... ಇಲ್ಲಿ ಒಂದು ದೀಪ ಇತ್ತು."

"ಹೂಂ."

"ನಾನು ಆರಿಸಿಬಿಟ್ಟೆ. ಓಪನ್ ಫ್ಲೇಮ್, ಮನೇಲಿ ಯಾರೂ ಇಲ್ಲ. ಸೇಫ್ ಅಲ್ಲ ಅಂತ. ಊದಿಬಿಟ್ಟೆ. ನೆಕ್ಸ್ಟ್ ವೀಕ್ ಅಮ್ಮಂಗೆ ಹೇಳಿದಾಗ ಅವರು ನನಗೆ ಹೊಡೆಯೋದೊಂದು ಬಾಕಿ."

ನಾನು ಬಾಗಿಲಲ್ಲಿದ್ದೆ. ಹಯವದನ ಮೂಲೆಯನ್ನೂ ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಕೈಯಲ್ಲಿ ಟೇಪಿನ ತುದಿ ಹಾಗೇ ಇತ್ತು.

"ಎಷ್ಟು ಗಂಟೆಗೆ?"

"ಟೂ ಥರ್ಟಿ ಇರಬೇಕು."

"ಸರಿ." ಆಮೇಲೆ ಕೇಳಿದ: "ಎಣ್ಣೆ ಇತ್ತಾ ಅದರಲ್ಲಿ?"

"ಇತ್ತು ಅಂಕಲ್. ಫುಲ್."

"ಸರಿ. ನೀನು ಮಾಡಿದ್ದು ಸರಿ. ಈ ಗೋಡೆ ಹನ್ನೊಂದಡಿ ಎರಡಿಂಚು, ಬರ್ಕೋ."

ಹೊರಗೆ ಬಂದ ಮೇಲೆ ನಾನು ಅಂದೆ: "ಎರಡು ಬೆರಳು ಕೊಟ್ಟು ಕಾಯ್ದೆ. ಆ ಹುಡುಗ ಫೂ ಅಂದ."

"ನಿಮ್ಮ ಚಳವಳಿಯವರಾಗಿದ್ದರೆ ಮೊದಲನೇ ದಿನವೇ ಫೂ ಅಂತಿದ್ರು" ಅಂದ. ನಗಲಿಲ್ಲ. ನಾನೂ ನಗಲಿಲ್ಲ.

ಬೇಸಿಗೆಯೆಲ್ಲ ಸಲಹೆ ಕೊಡುವವರ ಹಬ್ಬ. ಶ್ಯಾಮ್‌ಗೆ ಹೀಟ್ ಪಂಪ್ ಆಗಬೇಕು. "ಫ್ಯೂಚರ್ ಅದರೀ ಅದು. ಹೊರಗಿನ ಚಳಿಯೊಳಗಿಂದನ ಬಿಸಿ ಜಗ್ತದ." ಕುನಾಲ್ ಒಪ್ಪಿದ, ಒಳ್ಳೆಯದೇ, ಆದರೆ ಇವನು ನೋಡಿದ ಮಾದರಿಗಳೆಲ್ಲ ಕೊನೆಗೆ ಗಾಳಿಯನ್ನೇ ಊದುತ್ತವೆ. ಪದ್ಮಜಾ ನೆಲದಡಿ ಬಿಸಿನೀರಿನ ಪೈಪು ಹಾಕಿಸಿ ಅಂದರು. "ಕಾಲಿಗೆ ಹಿತ." ಹಯವದನ ತನ್ನ ಕಾಲು ನೋಡಿಕೊಂಡ. "ಯಾರ ಕಾಲಿಗೆ?" ಅಂದ. ಅವರು ಪಾಪ ಮಾತು ಬದಲಿಸಿದರು.

ಕೊನೆಗೆ ಉಳಿದದ್ದು ಬೇಸ್‌ಮೆಂಟಿನಲ್ಲೊಂದು ಬಾಯ್ಲರ್, ಕೋಣೆಗಳ ಗೋಡೆಗೆ ಚಪ್ಪಟೆ ಉಕ್ಕಿನ ರೇಡಿಯೇಟರುಗಳು, ಅವುಗಳಲ್ಲಿ ಬಿಸಿನೀರಿನ ಓಡಾಟ. ಫ್ಯಾನಿಲ್ಲ, ಜಾಲರಿಯಿಲ್ಲ. ನೆಲ ಗೋಡೆ ಹೇಗೂ ಬಿಚ್ಚಿದೆ, ಪೈಪು ಎಳೆಯುವುದು ಸುಲಭ. ಊರಲ್ಲಿ ಸುದ್ದಿಯಾಯಿತು: ಹಯವದನ ಹೆಂಡತಿಯ ನೆನಪಿಗೆ ಫರ್ನೇಸು ತೆಗೆಸುತ್ತಿದ್ದಾನಂತೆ, ಅವಳಿಗೆ ಆ ಗಾಳಿ ಆಗುತ್ತಿರಲಿಲ್ಲವಂತೆ. ನಿರುಪಮಾ ಬದುಕಿದ್ದರೆ ಜಾಲರಿ ಕೀಳಲು ಬಂದವನನ್ನು ಸೌಟು ತಗೊಂಡು ಓಡಿಸುತ್ತಿದ್ದಳು.

ಆಗಸ್ಟಿನಲ್ಲಿ ತನ್ಮಯಿ ಕಾರು ಓಡಿಸಿಕೊಂಡು ಬಂದಳು. ಅರ್ಧ ನೆಲ ಹಾಕಿದ್ದ ಅಡುಗೆಮನೆಯಲ್ಲಿ ಮಡಚುವ ಕುರ್ಚಿಗಳ ಮೇಲೆ ನಾಲ್ವರೂ ಕೂತೆವು. ಅವಳು ಕುನಾಲ್‌ನ ಕಾಗದಗಳನ್ನು ಪುಟ ಬಿಡದೆ ಓದಿದಳು. ಅಪ್ಪನ ಮಗಳೇ.

"ಎಸಿ ಗಾಳಿ ಬರೋಕೆ ಡಕ್ಟ್ ಇರಲ್ಲ ಹಾಗಾದ್ರೆ. ಜುಲೈನಲ್ಲಿ ಏನು ಮಾಡ್ತೀಯಾ?"

"ಕಿಟಕಿಗೊಂದು ಹಾಕ್ಕೋತೀನಿ."

"ಮತ್ತೆ ಇದು? ರೇಡಿಯೇಟರ್! ಅಪ್ಪ, ಸೀರಿಯಸ್ಲಿ? ಮತ್ತೆ ಅದರ ಮೇಲೆ ಕಾಲಿಟ್ಟುಕೊಂಡು ಕೂರಕ್ಕಾ? ಇನ್ನು ಮೂರು ಬೆರಳಿದೆ, ಅದಕ್ಕಾ?"

ಮಾತು ಒರಟಾಗಿತ್ತು. ಸರಿಯಾಗಿಯೂ ಇತ್ತು. ಹಯವದನ ಕುನಾಲ್ ಕಡೆ ಗದ್ದ ಎತ್ತಿದ.

ಕುನಾಲ್ ಅದಕ್ಕೆ ತಯಾರಾಗಿಯೇ ಬಂದಿದ್ದ. ಗೋಡೆಗಳಿಗೆ ಒಳ್ಳೆ ಇನ್ಸುಲೇಷನ್ ತುಂಬಿದರೆ, ರೇಡಿಯೇಟರುಗಳನ್ನು ಲೆಕ್ಕಕ್ಕಿಂತ ದೊಡ್ಡದು ಹಾಕಿದರೆ, ನೀರು ಕುದಿಯುವ ಹಾಗೆ ಕಾಯಬೇಕಿಲ್ಲ, ಫ್ಯಾರನ್‌ಹೀಟಿನ ನೂರಹತ್ತು ಡಿಗ್ರಿ ಸಾಕು. ಸ್ನಾನದ ನೀರಿಗಿಂತ ಒಂದಿಷ್ಟು ಮೇಲೆ. ಅದನ್ನು ದಾಟದ ಹಾಗೆ ಬಾಯ್ಲರಿಗೆ ಬೀಗ. ಅಷ್ಟು ಬಿಸಿಗೂ ಗಂಟೆಗಟ್ಟಲೆ ಕಾಲು ಒತ್ತಿಟ್ಟರೆ ಕಷ್ಟವೇ. ಅದಕ್ಕೆ ರೇಡಿಯೇಟರುಗಳನ್ನೆಲ್ಲ ಮೊಣಕಾಲಿಗಿಂತ ಮೇಲೆ ತೂಗುಹಾಕಿ, ಮುಂದೆ ಮರದ ಪಟ್ಟಿ.

"ಕಾಲಿಡಬೇಕಾದ್ರೆ ಯೋಗ ಮಾಡಬೇಕು" ಅಂದ ಕುನಾಲ್.

ತನ್ಮಯಿ ನಗಲಿಲ್ಲ. "ಆಫ್ ಮಾಡೋದು ನನ್ನ ಫೋನಲ್ಲಿ ಮಾತ್ರ ಇರಬೇಕು. ಇಲ್ಲಿ ಗೋಡೆ ಮೇಲೆ ಬಟನ್ ಇರಬಾರದು."

ಇದಕ್ಕೆ ಅವನು ಎದ್ದು ಹೋಗುತ್ತಾನೆ ಅಂತ ನಾನು ಅಂದುಕೊಂಡೆ. ಅರವತ್ತೈದು ವರ್ಷದ ಮನುಷ್ಯನ ಮನೆಯಲ್ಲಿ ಬೆಂಕಿ ಹಚ್ಚುವುದೂ ಆರಿಸುವುದೂ ಮುನ್ನೂರು ಮೈಲಿ ಆಚೆಗೆ.

"ಇಟ್ಕೋ" ಅಂದ ಹಯವದನ. "ನಂಗೆ ಆಫ್ ಮಾಡೋದು ಬೇಕಾಗಿಲ್ಲ. ಆಫ್ ಮಾಡೋದು ಬೇಡ ಅಂತಲೇ ಇದನ್ನ ಹಾಕಿಸ್ತಿರೋದು."

"ಅಂದ್ರೆ?"

ಹಯವದನ ಕಾಗದಗಳನ್ನು ಜೋಡಿಸಿ ಅವಳ ಮುಂದೆ ತಳ್ಳಿದ. ಅವಳು ಕಾಗದಕ್ಕೆ ಸಹಿ ಹಾಕಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. "ಹಾಕ್ಸು. ಅಕ್ಟೋಬರ್‌ನಲ್ಲಿ ಬಂದು ನೋಡ್ತೀನಿ. ಸರಿ ಇಲ್ಲ ಅಂದ್ರೆ ಮಾರೋದೇ" ಅಂದಳು.

ಅಕ್ಟೋಬರಿನ ಮೂರನೇ ಶನಿವಾರ ಬಂದಳು. ಹೊರಗೆ ಫ್ಯಾರನ್‌ಹೀಟಿನ ಮೂವತ್ತೆಂಟು ಡಿಗ್ರಿ, ಕೊರೆಯುವ ಚಳಿ, ಮೋಡ. ಕುನಾಲ್ ಬೆಳಿಗ್ಗೆಯೇ ಬಾಯ್ಲರ್ ಹೊತ್ತಿಸಿ, ಪೈಪುಗಳಿಂದ ಗಾಳಿಗುಳ್ಳೆ ತೆಗೆದು, ತನ್ನ ಉಪಕರಣಗಳಿಂದ ಅದು ಇದು ಪರೀಕ್ಷೆ ಮಾಡಿ ಮುಗಿಸಿದ್ದ. ಮನೆ ಬೆಚ್ಚಗಿತ್ತು. ಸದ್ದಿರಲಿಲ್ಲ. ತನ್ಮಯಿ ಒಂದೊಂದು ರೇಡಿಯೇಟರಿಗೂ ಕೈ ಇಟ್ಟು, ಮರದ ಪಟ್ಟಿ ಅಲುಗಾಡಿಸಿ ನೋಡಿದಳು.

"ನಿಂದು ಮುಗೀತಾ?" ಅಂತ ಕುನಾಲ್‌ನನ್ನು ಕೇಳಿದ ಹಯವದನ. "ಈಗ ನಂದು."

ಮಲಗುವ ಕೋಣೆಗೆ ಹೋದ. ಅದೇ ಮೂಲೆ. ಜಾಲರಿ ಇದ್ದ ಜಾಗಕ್ಕೆ ಹೊಸ ಮರದ ತುಂಡು ಕೂರಿಸಿದ್ದರು, ಬಣ್ಣ ಒಂಚೂರು ಬೇರೆ. ನೆಲದ ಮೇಲೆ ದೀಪ ಇಟ್ಟು, ಎಣ್ಣೆ ಹಾಕಿ, ಬತ್ತಿ ಹಚ್ಚಿದ. ಕೈಗಡಿಯಾರ ಬಿಚ್ಚಿ ಪಕ್ಕದಲ್ಲಿಟ್ಟ.

ಇಪ್ಪತ್ತು ನಿಮಿಷ. ನಾವು ಮೂವರೂ ನಿಂತೇ ಇದ್ದೆವು. ಒಂದು ಸಲ ಜ್ವಾಲೆ ಬಳುಕಿತು. "ಓಡಾಡಬೇಡ" ಅಂತ ಮಗಳನ್ನು ಗದರಿದ. ಆಮೇಲೆ ಅದು ಅಲುಗಲಿಲ್ಲ.

"ಅಮ್ಮನಿಗಾ?" ಅಂದಳು ತನ್ಮಯಿ, ಮೆಲ್ಲಗೆ.

"ಅಮ್ಮಂದು ಮುಗೀತಲ್ಲ. ಎಂಟನೇ ದಿನ, ಎರಡೂವರೆಗೆ." ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. "ಇದು ನಂದು. ಮುಂದಿನ ಸಲ ಛಾಯಾ ನಿಂಗೆ ಫೋನ್ ಮಾಡ್ತಾಳೆ. ದೀಪ ಆರಬಾರದು ಅಂತಾಳೆ. ಅಳ್ತಾಳೆ. ನೀನು ಹೂಂ ಅಂತೀಯ. ನಾನು ಹೋಗೋದೂ ಜನವರಿಯಲ್ಲೇ ಆದ್ರೆ?"

ಕುನಾಲ್ ತನ್ನ ಉಪಕರಣದ ಡಬ್ಬಿಯ ಹಿಡಿ ಹಿಡಿದುಕೊಂಡು ನೆಲ ನೋಡುತ್ತಿದ್ದ.

"ನೀನು ಬೇಕಾದ್ರೆ ಇಡು, ಬೇಡ ಅಂದ್ರೆ ಬಿಡು. ಇಟ್ರೆ ಮನೆ ತಣ್ಣಗೆ ಮಾಡ್ಕೊಂಡು ಕೂರೋ ಹಂಗಿರಬಾರದು. ಅಷ್ಟೇ."

ಗಡಿಯಾರ ನೋಡಿದ. ಇಪ್ಪತ್ತು ಆಗಿತ್ತು. ದೀಪವನ್ನು ಊದಲಿಲ್ಲ. ಬತ್ತಿಯನ್ನು ಬೆರಳಿನಿಂದ ಎಣ್ಣೆಯೊಳಕ್ಕೆ ತಳ್ಳಿದ. ಬೆರಳು ಒರೆಸಿಕೊಂಡು ಎದ್ದ.

"ಪಾಸ್" ಅಂದ ಕುನಾಲ್‌ಗೆ.

ಬೇಸ್‌ಮೆಂಟಿಗೆ ಇಳಿದೆವು. ಬಾಯ್ಲರಿನ ಬಿಳಿ ಪೆಟ್ಟಿಗೆಯ ಮೇಲೆ ಹಯವದನ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿದ. ತನ್ಮಯಿಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೆ ಇಂಗ್ಲಿಷಿನಲ್ಲೇ, ಸ್ಕ್ರೂ ಪೆಟ್ಟಿಗೆಗಳ ಮೇಲೆ ಬರೆಯುತ್ತಿದ್ದ ದಪ್ಪಕ್ಷರದಲ್ಲಿ ಬರೆದ: ದೀಪ ಹಚ್ಚಿದಾಗ ಇದನ್ನು ಆಫ್ ಮಾಡಬೇಕಾಗಿಲ್ಲ. ಕೆಳಗೆ ತಾರೀಖು, ತನ್ನ ಇನ್‌ಸ್ಪೆಕ್ಷನ್ ಸಹಿ.

"ಕಾಫಿ ಮಾಡ್ತೀನಿ" ಅಂತ ಕುಂಟುತ್ತಾ ಮೆಟ್ಟಿಲು ಹತ್ತಿದ. ಕುನಾಲ್ ಅವನ ಹಿಂದೆ ಹೋದ.

ತನ್ಮಯಿ ನಿಂತು ಅದನ್ನು ಓದಿದಳು. ಮನೆ ಮಾರುವ ಮಾತು ಎತ್ತಲಿಲ್ಲ. ಟೇಪಿನ ಒಂದು ಮೂಲೆ ಎದ್ದಿತ್ತು. ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು.